ರಮಾಬಾಯಿ ಅಳೆದ ನೀರು

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿತ್ತು. ಅಲ್ಲಿ ರಮಾಬಾಯಿ ಹನ್ನೊಂದು ವರ್ಷ ದುಡಿದಳು. ಅವಳದು ಹಗುರ ಕೈ. ನರ ಸಿಗದ ಮುದುಕಿಯರು, ಸೂಜಿ ಕಂಡರೆ ಕಿರುಚುವ ಮಕ್ಕಳು ಅವಳೇ ಬೇಕೆಂದು ಕಾದು ಕೂರುತ್ತಿದ್ದರು. ಗಂಡ ರತ್ನದೀಪ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಮಶೀನು ನಡೆಸುತ್ತಿದ್ದ. ಸಂಜೆ ಇಬ್ಬರೂ ಮನೆ ಸೇರುವಾಗ ಅವನ ಮೈಮೇಲೆ ಕಲ್ಲಿನ ಬಿಳಿ ರಾಡಿ, ಅವಳ ಕೈಗೆ ಸ್ಪಿರಿಟ್ ವಾಸನೆ. ಅದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ.

ಕೊರೊನಾ ತಣ್ಣಗಾದ ಮರುವರ್ಷ ಕಲಬುರಗಿಯ ಒಂದು ಮೆಡಿಕಲ್ ಕಾಲೇಜಿನಿಂದ ಡಾಕ್ಟರ್ ನಂದಕಿಶೋರ್ ಅವಳನ್ನು ಹುಡುಕಿಕೊಂಡು ಬಂದರು. ಸೇಡಂನವರು, ಹೊಟ್ಟೆ ರೋಗದ ತಜ್ಞರು, ಇನ್ನೂ ನಲವತ್ತು ದಾಟಿರಲಿಲ್ಲ. ಮೂರು ವರ್ಷದ ಒಂದು ಸಂಶೋಧನೆ ಹಿಡಿದಿದ್ದರು.

“ಕೆಲಸ ಜರಾ ಹೊಲಸು ಅದ ರಮಾಬಾಯಿ. ಹೇಸಿಗಿ ಅನ್ಕೊಂಡ್ರ ಆಗಂಗಿಲ್ಲ,” ಎಂದರು.

“ಹನ್ನೊಂದ್ ವರ್ಷ ಜನರ ಉಚ್ಚಿ ಬಾಟ್ಲಿ ಹಿಡದೀನ್ರಿ ಸರ್. ಹೇಸಿಗಿ ಯಾವತ್ತೋ ಹೋಗ್ಯಾದ,” ಎಂದು ಅವಳು ನಕ್ಕಳು.

ಡಾಕ್ಟರು ಅಲ್ಲೇ ಇದ್ದ ರಸೀದಿ ಹಾಳೆಯ ಬೆನ್ನಿಗೆ ಒಂದು ಕೊಳವೆಯ ಚಿತ್ರ ಬರೆದು ತೋರಿಸಿದರು. ಕೆಲವರಿಗೆ ಕರುಳಿನ ಒಳಗೋಡೆಯಲ್ಲಿ ಹುಣ್ಣಾಗುತ್ತದೆ, ಮಾಯುತ್ತದೆ, ಮತ್ತೆ ಆಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ, ಸುಟ್ಟ ಚರ್ಮ ಮಾಯ್ದಾಗ ಬಿಗಿದು ಕಲೆ ಉಳಿಯುವಂತೆ ಕರುಳೂ ಬಿಗಿಯುತ್ತದೆ. ದಾರಿ ಕಿರಿದಾಗುತ್ತದೆ. ಪೂರ್ತಿ ಕಿರಿದಾದ ಮೇಲೆ ಚಾಕು ಒಂದೇ ಗತಿ.

“ಗಾಯ ಮಾಯಿಸ್ಲಿಕ್ಕೆ ಮೈಯೇ ಒಂದು ವಸ್ತು ಬಿಡ್ತದ. ಗ್ರೋಥ್ ಫ್ಯಾಕ್ಟರ್ ಅಂತೀವಿ. ಅದು ಹದದಾಗ ಇದ್ರ ಗಾಯ ಮಾಯ್ತದ, ಅತಿ ಆದ್ರ ಕಲೆ ಬೆಳೀತದ ಅಂತ ನಮ್ಮ ಅಂದಾಜು. ಕರುಳು ತೊಳೆದ ನೀರಿನಾಗ ಅದನ್ನ ಅಳೆದು ನೋಡಿದ್ರ, ದಾರಿ ಮುಚ್ಚೋಕಿಂತ ಮೊದಲೇ ತಿಳೀಬಹುದೇನೋ.”

“ತಿಳಿದ್ರ ಔಷಧ ಅದ ಏನ್ರಿ?”

“ಇಲ್ಲ,” ಎಂದರು ಡಾಕ್ಟರು. “ಮೊದಲು ತಿಳೀಲಿ ಅಂತ.”

ಆ ಉತ್ತರ ಅವಳಿಗೆ ಹಿಡಿಸಿತು. ಸುಳ್ಳು ಹೇಳುವ ಮನುಷ್ಯನಲ್ಲ ಎನಿಸಿ ಒಪ್ಪಿಕೊಂಡಳು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಿನ ಇಪ್ಪತ್ತಾರು ರೋಗಿಗಳು ಹೆಸರು ಕೊಟ್ಟಿದ್ದರು. ಪ್ರತಿಯೊಬ್ಬರೂ ನಾಲ್ಕು ತಿಂಗಳಿಗೊಮ್ಮೆ ತಮ್ಮ ಊರಿನ ಹತ್ತಿರದ ಆಸ್ಪತ್ರೆಯ ಒಂದು ಕೋಣೆಗೆ ಬರಬೇಕು. ಬರಿಹೊಟ್ಟೆಯಲ್ಲಿ ಬೆಳಿಗ್ಗೆ ಏಳರಿಂದ ಹತ್ತು ಹತ್ತು ನಿಮಿಷಕ್ಕೆ ಒಂದು ಗ್ಲಾಸು ಉಪ್ಪುಪ್ಪಾದ ಔಷಧದ ನೀರು ಕುಡಿಯಬೇಕು, ಒಟ್ಟು ಮೂರು ಲೀಟರ್. ಮೊದಮೊದಲು ಹೊಲಸು ಹೋಗಿ, ಹನ್ನೊಂದರ ಸುಮಾರಿಗೆ ಒಳಗಿನಿಂದ ತಿಳಿನೀರು ಬರತೊಡಗುತ್ತದೆ. ಅದನ್ನು ಹಿಡಿದು, ಸೋಸಿ, ಪುಟ್ಟ ನಳಿಗೆಗಳಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಸಂಜೆಯೊಳಗೆ ಕಲಬುರಗಿಯ ಫ್ರೀಜರಿಗೆ ಸೇರಿಸುವುದು ರಮಾಬಾಯಿಯ ಕೆಲಸ. ಕರುಳಿನ ರಸ ಎಲ್ಲವನ್ನೂ ಅರಗಿಸುವ ರಸ. ತಡವಾದರೆ ಅಳೆಯಬೇಕಾದ ವಸ್ತುವನ್ನೂ ತಿಂದುಹಾಕುತ್ತದೆ. ಅದಕ್ಕೇ ನೀರು ಕೈಗೆ ಬಂದ ಹತ್ತು ನಿಮಿಷದಲ್ಲಿ ಅದನ್ನು ತಡೆಯುವ ಔಷಧ ಬೆರೆಸಬೇಕು. ನಳಿಗೆಯ ಮೇಲೆ ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ.

ಹದಿನೇಳನೆಯ ನಂಬರು ಸೇಡಂನ ಗುರುಲಿಂಗಯ್ಯನದು.

ಅವನು ಸೇಡಂನಿಂದ ಚಿಂಚೋಳಿಗೆ ಹೋಗುವ ಬಸ್ಸಿನ ಕಂಡಕ್ಟರು. ನಲವತ್ತನಾಲ್ಕು ವಯಸ್ಸು, ಒಣಕಲು ಮೈ, ದೊಡ್ಡ ದನಿ. ಮೊದಲು ಅವನ ರೋಗವನ್ನು ಟಿ.ಬಿ. ಎಂದುಕೊಂಡು ಒಂಬತ್ತು ತಿಂಗಳು ಗುಳಿಗೆ ನುಂಗಿಸಿದ್ದರು. ಕರುಳಿನ ಟಿ.ಬಿ.ಗೂ ಈ ರೋಗಕ್ಕೂ ಹೊರಗೆ ಕಾಣುವ ಲಕ್ಷಣ ಒಂದೇ ತೆರ, ಎಂಥ ಡಾಕ್ಟರಿಗೂ ಗೊಂದಲವಾಗುತ್ತದೆ. ಗುಳಿಗೆ ಮುಗಿದರೂ ನೋವು ಮುಗಿಯದಿದ್ದಾಗ ನಂದಕಿಶೋರರ ಬಳಿ ಬಂದಿದ್ದ.

“ಬಸ್ಸಿನಾಗ ಎಲ್ಲರ ಸಲುವಾಗಿ ನಾ ಸೀಟಿ ಊದ್ತೀನ್ರಿ ಅಕ್ಕೋರ, ನನ್ ಸಲುವಾಗಿ ಬಸ್ ನಿಲ್ಲಿಸಾಕ ಬರಂಗಿಲ್ಲ,” ಎಂದು ಮೊದಲನೆಯ ದಿನವೇ ಹೇಳಿದ್ದ. ಡ್ಯೂಟಿಯ ದಿನ ಅವನು ಬೆಳಿಗ್ಗೆಯಿಂದ ಏನೂ ತಿನ್ನುತ್ತಿರಲಿಲ್ಲ. ತಿಂದರೆ ಅರ್ಧ ದಾರಿಯ ಸುಲೇಪೇಟ ಮುಟ್ಟುವುದರೊಳಗೆ ಹೊಟ್ಟೆ ತಿರುಗುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಡ್ರೈವರು ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿನ್ನುವಾಗ ಇವನು ಟಿಕೆಟ್ ಮಶೀನು ಒರೆಸುತ್ತ ನಿಲ್ಲುತ್ತಿದ್ದ.

ಮೂರು ಲೀಟರ್ ಕುಡಿಯುವಾಗ ಉಳಿದವರು ಮುಖ ಕಿವುಚುತ್ತಿದ್ದರು, ಕೆಲವರು ವಾಂತಿ ಮಾಡಿಕೊಂಡು ಅಳುತ್ತಿದ್ದರು. ಗುರುಲಿಂಗಯ್ಯ ಮಾತಾಡುತ್ತ ಕುಡಿಯುತ್ತಿದ್ದ. ಚಿಂಚೋಳಿಗೆ ಹೋಗಿಬರುವ ದಿನ ರಮಾಬಾಯಿ ಅವನ ಬಸ್ಸೇ ಹಿಡಿಯುತ್ತಿದ್ದಳು. ಮರಳುವಾಗ ಅವಳ ಪೆಟ್ಟಿಗೆಯನ್ನು ಅವನು ತನ್ನ ಸೀಟಿನ ಕೆಳಗಿಟ್ಟು, ಯಾರಾದರೂ ಕಾಲು ತಾಗಿಸಿದರೆ ಗದರುತ್ತಿದ್ದ. “ಏ, ಕಾಲ್ ತಗೀರಿ, ಅದರಾಗ ಔಷಧ ಅದ!” ಒಳಗೆ ಏನಿದೆಯೆಂದು ಅವರಿಬ್ಬರಿಗೇ ಗೊತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

ಪ್ರತಿ ಸಲವೂ ಅವನದೊಂದು ಪ್ರಶ್ನೆ ಇರುತ್ತಿತ್ತು.

“ಹೋದ ಸಲದ್ದು ನಂದು ಎಷ್ಟ್ ಬಂತ್ರಿ?”

“ಹೇಳಾಕ ಬರಂಗಿಲ್ರಿ ಅಯ್ಯಾರ. ನಂಗೂ ಗೊತ್ತಾಗಂಗಿಲ್ಲ.”

ಮೊದಲ ವರ್ಷ ಅದು ನಿಜವೇ ಆಗಿತ್ತು. ನೀರು ತರುವವಳು ಅವಳು, ಅಳೆಯುವವಳು ಮಹೆವಿಶ ಎಂಬ ಬೇರೊಬ್ಬ ಹುಡುಗಿ. ಆದರೆ ಎರಡನೆಯ ವರ್ಷ ಮಹೆವಿಶ ಹೈದರಾಬಾದಿಗೆ ಹೊರಟುಹೋದಳು. ಹೊಸಬರು ಸಿಗಲಿಲ್ಲ. ತರುವವರೇ ಅಳೆಯುವುದು ಸರಿಯಲ್ಲವೆಂದು ಡಾಕ್ಟರಿಗೂ ಗೊತ್ತಿತ್ತು, ಆದರೂ ಬೇರೆ ದಾರಿ ಕಾಣದೆ ರಮಾಬಾಯಿಗೇ ಆ ಕೆಲಸ ಕಲಿಸಿದರು.

ತೊಂಬತ್ತಾರು ಪುಟ್ಟ ಕುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ. ಒಂದೊಂದು ಕುಳಿಗೂ ಒಬ್ಬೊಬ್ಬರ ನೀರಿನ ಹನಿ. ಮೇಲೆ ಒಂದಾದ ಮೇಲೊಂದು ಔಷಧ ಹಾಕಿ, ತೊಳೆದು, ಕಾದು ಕೂತರೆ ಕೊನೆಗೆ ಕುಳಿಗಳಲ್ಲಿ ನೀಲಿ ಏರುತ್ತದೆ. ಆಮ್ಲದ ಹನಿ ಬಿದ್ದೊಡನೆ ಅದು ಹಳದಿಯಾಗುತ್ತದೆ. ಹಳದಿ ಗಾಢವಾದಷ್ಟೂ ಆ ವಸ್ತು ಹೆಚ್ಚು. ಮಶೀನು ಅದನ್ನು ಅಂಕಿಯಾಗಿ ಹೇಳುತ್ತದೆ. ಆ ಅಂಕಿಯ ಲೆಕ್ಕ ಗ್ರಾಮಿನ ಲಕ್ಷಕೋಟಿಯಲ್ಲೊಂದು ಪಾಲಿನದು. ಅಷ್ಟು ಸಣ್ಣದು ಮನುಷ್ಯನ ಕರುಳನ್ನು ಬಿಗಿಯಬಲ್ಲದೇ ಎಂದು ರಮಾಬಾಯಿಗೆ ಮೊದಮೊದಲು ನಂಬಿಕೆ ಬರಲಿಲ್ಲ.

ಫ್ರೀಜರಿನಲ್ಲಿ ಉಳಿದಿದ್ದ ಹದಿನೇಳನೆಯ ನಂಬರಿನ ಹಳೆಯ ನೀರು ಮೊದಲು ನೂರಾ ನಲವತ್ತು ತೋರಿಸಿತು, ಆಮೇಲಿನದು ಮುನ್ನೂರಾ ಹತ್ತು. ಮೂರನೆಯದು ಕೈಗೆ ಸಿಗಲೇ ಇಲ್ಲ. ಆ ಜೂನ್ ತಿಂಗಳು ಪೆಟ್ಟಿಗೆಯ ಮುಚ್ಚಳ ಒಡೆದಿದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಸೇಡಂನಿಂದ ರೈಲಿನಲ್ಲಿ ಚಿತ್ತಾಪುರ, ವಾಡಿ ದಾಟಿ ಕಲಬುರಗಿ ಮುಟ್ಟುವಷ್ಟರಲ್ಲಿ ಐಸೆಲ್ಲ ಕರಗಿ ನಳಿಗೆಗಳು ಬೆಚ್ಚಗಾಗಿದ್ದವು. ಅವಳೇ ಅವನಿಗೆ ಫೋನು ಮಾಡಿ ಹೇಳಿದಳು.

“ಅಯ್ಯಾರ, ನಿಮ್ದು ಹಾಳಾತ್ರಿ. ನಂದೇ ತಪ್ಪು.”

“ಅಂದ್ರ ಆ ಮೂರ್ ಲೀಟರ್ ದಂಡ ಆತು ಅನ್ರಿ!” ಎಂದು ಅವನು ಆ ಕಡೆಯಿಂದ ನಕ್ಕ. “ಬಿಡ್ರಿ ಅಕ್ಕೋರ. ಹೊಟ್ಟಿರ ಸ್ವಚ್ಛ ಆತಲ್ಲ.”

ನಾಲ್ಕನೆಯ ಸರದಿ ದಸರೆ ಮುಗಿದ ವಾರ ಬಂತು. ಆ ದಿನ ಹನ್ನೊಂದಾದರೂ ತಿಳಿನೀರು ಬರಲಿಲ್ಲ. ಹನ್ನೆರಡಾಯಿತು. ಗುರುಲಿಂಗಯ್ಯನ ಮಾತು ನಿಂತಿತ್ತು, ಹಣೆಯ ಮೇಲೆ ಬೆವರು. ಅವನ ಹೊಟ್ಟೆ ಊದಿ ಬಿಗಿದುಕೊಂಡದ್ದು ಅಂಗಿಯ ಮೇಲಿನಿಂದಲೇ ಕಾಣುತ್ತಿತ್ತು.

“ನೋವು ಜಾಸ್ತಿ ಆಗ್ಯಾದ ಏನ್ರಿ?” ಎಂದು ಕೇಳಿದಳು.

“ಅಂಥಾದ್ದೇನಿಲ್ರಿ. ಡಾಕ್ಟರಿಗೆ ಏನೂ ಹೇಳಬ್ಯಾಡ್ರಿ. ನೋವು ಅಂದ್ರ ರೂಟಿನಿಂದ ಇಳಿಸಿ ಡಿಪೋದಾಗ ಕುಂದ್ರಸ್ತಾರ. ನಾಕ್ ಗ್ವಾಡಿ ನಡುವ ನಾ ಕುಂದ್ರೋ ಮನಷ್ಯಾ ಅಲ್ಲ.”

ಒಂದು ಗಂಟೆಗೆ ನೀರು ತಿಳಿಯಾಯಿತು. ಮೂರು ದಿನದ ಮೇಲೆ ಅವಳು ಅದನ್ನು ಅಳೆದಳು. ಕುಳಿಯಲ್ಲಿ ಅರಿಶಿನ ಕಲಸಿದಂಥ ಹಳದಿ. ಆರುನೂರಾ ಇಪ್ಪತ್ತು. ತನ್ನ ಕೈತಪ್ಪಿರಬೇಕೆಂದು ಮತ್ತೆ ಮಾಡಿದಳು, ಮತ್ತೂ ಮಾಡಿದಳು. ಅಷ್ಟೇ ಬಂತು.

ಡಾಕ್ಟರ ಕೋಣೆಗೆ ಹೋಗಿ ನಿಂತಳು. “ಸರ್, ಹದಿನೇಳನೇ ನಂಬರಿಂದು ಭಾಳ ಏರ್ಯಾದ್ರಿ.”

ನಂದಕಿಶೋರ್ ಹಾಳೆ ನೋಡಿದರು. ಆಮೇಲೆ ಅದೇ ಹಾಳೆಯ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. “ಹನ್ನೊಂದನೇ ನಂಬರ್ ನೋಡ್ರಿ. ಆರ್ನೂರಾ ನಲವತ್ತು. ಆಕಿ ಹೆಂಗಿದ್ದಾಳ?”

ಹನ್ನೊಂದನೆಯದು ಚಿಮ್ಮನಚೋಡದ ಪೀರಮ್ಮ. “ಆರಾಮ ಇದ್ದಾಳ್ರಿ. ದಿನಾ ಕಳೆ ಕೀಳಾಕ ಹೋಗ್ತಾಳ, ಎರಡೆರಡ್ ರೊಟ್ಟಿ ಉಣ್ತಾಳ.”

“ಮತ್ತ ಇವರಿಗೆ ನಾ ಏನಂತ ಹೇಳ್ಲಿ ರಮಾಬಾಯಿ? ನಿಮ್ಮ ಕರುಳು ಮುಚ್ತದ ಅಂತ ಹೇಳ್ಲೋ, ಇಲ್ಲ ಅಂತ ಹೇಳ್ಲೋ? ಈ ಅಂಕಿಗೆ ಅರ್ಥ ಏನು ಅಂತ ಹುಡುಕ್ಲಿಕ್ಕೇ ಈ ಕೆಲಸ ನಡದದ. ಅರ್ಥ ಸಿಗೋಕಿಂತ ಮೊದಲು ಒಬ್ಬರ ಕಿವಿಗೆ ಹಾಕಿದ್ರ ಅದು ಬರೇ ಅಂಜಿಕಿ. ಅವರಾಗಿ ನೋವು ಅಂದ್ರ ನಾಳೇನೇ ಸ್ಕ್ಯಾನ್ ಮಾಡಿಸ್ತೀನಿ.”

ಅವನು ನೋವೆಂದು ಹೇಳುವವನಲ್ಲವೆಂಬುದು ರಮಾಬಾಯಿಗೆ ಗೊತ್ತಿತ್ತು. ಅವನ ಮಾತಿಗೆ ಕಟ್ಟುಬಿದ್ದು ಅದನ್ನು ಡಾಕ್ಟರ ಮುಂದೆ ಹೇಳಲೂ ಇಲ್ಲ. ಬಾಗಿಲ ತನಕ ಬಂದು, ತಿರುಗಿ ನೋಡಿ, ಹೊರಟುಬಿಟ್ಟಳು. ಈ ಒಂದು ಗಳಿಗೆಯನ್ನು ಅವಳು ಮುಂದೆ ಎಷ್ಟು ಸಲ ನೆನೆದಳೋ ಲೆಕ್ಕವಿಲ್ಲ.

ಎರಡು ವಾರ ತಡೆದಳು. ಮನೆಯಲ್ಲಿ ರತ್ನದೀಪ, “ಏನ್ ಆಗ್ಯಾದ ನಿಂಗ? ಸಾರಿಗೆ ಉಪ್ಪಿಲ್ಲ, ಮಾತಿಗೆ ಉತ್ತರಿಲ್ಲ,” ಎಂದು ಕೇಳಿದ. ಅವಳು ಎಲ್ಲ ಹೇಳಿದಳು. ಅವನು ತುಸು ಯೋಚಿಸಿ, “ಕಲ್ಲಿನಾಗ ಸೀಳ್ ಇದ್ರೂ ಒಮ್ಮೊಮ್ಮೆ ಒಡೀತದ, ಒಮ್ಮೊಮ್ಮೆ ಇಲ್ಲ. ನಾ ಅಂತೂ ತಗೊಳ್ಳೋರಿಗೆ ಸೀಳ್ ಅದ ಅಂತ ಹೇಳ್ತೀನಿ ನೋಡು,” ಎಂದ.

ಮರುದಿನ ಅವಳು ಸೇಡಂ ಬಸ್ ಸ್ಟ್ಯಾಂಡಿಗೆ ಹೋಗಿ ಗುರುಲಿಂಗಯ್ಯನನ್ನು ಪಕ್ಕಕ್ಕೆ ಕರೆದಳು.

“ಅಯ್ಯಾರ, ಒಂದ್ ಸಲ ಸ್ಕ್ಯಾನ್ ಮಾಡಿಸ್ಕೊಂಡ್ ಬಿಡ್ರಿ.”

ಅವನು ಅವಳ ಮುಖವನ್ನೇ ನೋಡಿದ. “ನಂದು ಜಾಸ್ತಿ ಬಂದದ ಏನ್ರಿ?”

ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನೆಲ ನೋಡುತ್ತ ನಿಂತಳು. ಅಷ್ಟೇ ಸಾಕಾಯಿತು. ಗುರುಲಿಂಗಯ್ಯ ಆ ವಾರವೇ ರಜೆ ಹಾಕಿ ಕಲಬುರಗಿಗೆ ಹೋದ.

ಸ್ಕ್ಯಾನಿನ ವರದಿಯಲ್ಲಿ ಸಣ್ಣಕರುಳಿನ ತುದಿಗೆ ಬಾವು ಇದೆ, ಹೆದರುವಂಥ ಕಿರಿದುತನ ಕಾಣುವುದಿಲ್ಲ ಎಂದಿತ್ತು. ನಂದಕಿಶೋರ್ ವರದಿಯನ್ನು ಅವನಿಗೆ ಬಿಡಿಸಿ ಹೇಳಿದರು. ಬಾವು ಯಾವುದು, ಕಲೆ ಯಾವುದು ಎಂದು ಸ್ಕ್ಯಾನು ಯಾವಾಗಲೂ ಬೇರ್ಪಡಿಸಿ ತೋರಿಸುವುದಿಲ್ಲ, ನಾರಿನ ಸೊಪ್ಪು, ಕಾಳು ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು, ಊಟದಲ್ಲಿ ಎಚ್ಚರವಿರಲಿ ಎಂದೂ ಹೇಳಿದರು. ಆದರೆ ತಿಂಗಳುಗಟ್ಟಲೆ ಒಳಗೊಳಗೇ ಅಂಜಿದವನಿಗೆ ‘ಕಾಣುವುದಿಲ್ಲ’ ಎಂಬ ಒಂದು ಮಾತಷ್ಟೇ ಕೇಳಿಸಿತು. ಪೇಡಾದ ಪೊಟ್ಟಣ ಹಿಡಿದು ಕಾಲೇಜಿನ ಲ್ಯಾಬಿಗೆ ಬಂದ.

“ಏನೂ ಇಲ್ಲಂತ್ರಿ ಅಕ್ಕೋರ! ಸುಮ್ಮ ಫಿಕರ್ ಹಚ್ಚಿದ್ರಿ ನಂಗ.”

ರಮಾಬಾಯಿ ಪೇಡಾ ಬಾಯಿಗೆ ಹಾಕಿಕೊಂಡಳು. ನಾಚಿಕೆಯೂ ಆಯಿತು, ಎದೆಯ ಮೇಲಿನ ಕಲ್ಲು ಇಳಿದಂತೆಯೂ ಆಯಿತು. ಯಾರು ಸ್ಕ್ಯಾನಿಗೆ ಕಳಿಸಿದ್ದೆಂದು ಡಾಕ್ಟರಿಗೆ ತಿಳಿಯದೆ ಇರಲಿಲ್ಲ. “ಇನ್ನೊಮ್ಮೆ ಹಿಂಗ್ ಮಾಡಬ್ಯಾಡ್ರಿ,” ಎಂದಷ್ಟೇ ಹೇಳಿದರು, ಸಿಟ್ಟಿನಿಂದಲ್ಲ.

ಡಿಸೆಂಬರ್ ಕೊನೆಗೆ ಎಳ್ಳಮಾವಾಸ್ಯೆ ಬಂತು. ತೆಂಗಳಿಯಲ್ಲಿ ಗುರುಲಿಂಗಯ್ಯನ ಅಣ್ಣನ ಹೊಲವಿತ್ತು. ಜೋಳ ತೆನೆ ಹಿಡಿದು ನಿಂತಿತ್ತು, ಕಡಲೆ ಕಾಯಿಗಟ್ಟಿತ್ತು. ಮನೆಮಂದಿಯೆಲ್ಲ ಭೂಮಿತಾಯಿಗೆ ಅಡಿಗೆಯ ಎಡೆ ಎರಚುವ ಚರಗ ಚೆಲ್ಲಲು ಹೊಲಕ್ಕೆ ಹೋದರು. ಅವನ ಹೆಂಡತಿ ಅಮೃತಮ್ಮ ಸಜ್ಜೆ ರೊಟ್ಟಿ, ಹಸಿಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ ಕಟ್ಟಿಕೊಂಡು ಹೋಗಿದ್ದಳು. ನಾಲ್ಕು ವರ್ಷದಿಂದ ಅವನು ಆ ದಿನ ಮಜ್ಜಿಗೆ ಅನ್ನ ಉಂಡು ಎದ್ದವನು. ಈ ಸಲ ಎಲ್ಲರ ನಡುವೆ ಕೂತು ಭಜ್ಜಿ ಬಡಿಸಿಕೊಂಡ. ಎರಡನೆಯ ಸಲವೂ ಬಡಿಸಿಕೊಂಡ. ಅವನು ಉಣ್ಣುವುದನ್ನು ನೋಡಿ ಅಮೃತಮ್ಮನ ಕಣ್ಣು ತುಂಬಿ ಬಂದಿತ್ತಂತೆ.

ಎರಡನೆಯ ದಿನ ಬಸ್ಸು ಸುಲೇಪೇಟ ದಾಟುತ್ತಿದ್ದಾಗ ಅವನು ಟಿಕೆಟ್ ಕೊಡುತ್ತಿದ್ದವನು ಹಾಗೇ ಸೀಟಿನ ಕಂಬಿ ಹಿಡಿದು ಕುಸಿದ. ಹಸಿರು ವಾಂತಿ. ಡ್ರೈವರು ಪ್ರಯಾಣಿಕರನ್ನು ಕೂಡಿಸಿಕೊಂಡೇ ಬಸ್ಸು ತಿರುಗಿಸಿ ಸೇಡಂ ಆಸ್ಪತ್ರೆಯ ಮುಂದೆ ತಂದು ನಿಲ್ಲಿಸಿದ. ಅಲ್ಲಿಂದ ಆಂಬುಲೆನ್ಸಿನಲ್ಲಿ ಕಲಬುರಗಿ. ಸಂಜೆಗೇ ಹೊಟ್ಟೆ ಕೊಯ್ದರು. ಮೊಳಕ್ಕಿಂತ ಉದ್ದದ ಕರುಳು ತೆಗೆಯಬೇಕಾಯಿತು. ಅದರಲ್ಲಿ ಒಂದು ಕಡೆ ಬರೆಯುವ ಪೆನ್ನಿನ ಕಡ್ಡಿ ತೂರುವಷ್ಟೇ ದಾರಿ ಉಳಿದಿತ್ತು, ಉಳಿದದ್ದೆಲ್ಲ ಬಿಳಿ ಬಿಗಿ ಕಲೆ. ಆ ತುಣುಕನ್ನು ನೋಡಲು ಡಾಕ್ಟರು ಕರೆದಾಗ ರಮಾಬಾಯಿ ಹೋಗಲಿಲ್ಲ.

ಮೂರನೆಯ ದಿನ ಗಟ್ಟಿಮನಸ್ಸು ಮಾಡಿ ವಾರ್ಡಿಗೆ ಹೋದಳು. ಗುರುಲಿಂಗಯ್ಯ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ. ಅಮೃತಮ್ಮ ಅವಳನ್ನು ಹೊರಗೆ ಕರೆದುಕೊಂಡು ಬಂದಳು.

“ನಿಮಗ ಮೊದಲೇ ಗೊತ್ತಿತ್ತಲ್ರಿ ಅಕ್ಕೋರ?”

“ಅಂಕಿ ಗೊತ್ತಿತ್ರೀ. ಅದು ಏನ್ ಹೇಳ್ತದ ಅಂತ ಯಾರಿಗೂ ಗೊತ್ತಿದ್ದಿಲ್ಲ.”

“ಸ್ಕ್ಯಾನ್ ಮಾಡಿಸ್ರಿ ಅಂದ್ರಿ, ಮಾಡಿಸಿದ್ವಿ. ಏನೂ ಕಾಣಂಗಿಲ್ಲ ಅಂದ್ರು. ಆ ಧೈರ್ಯಕ್ಕ ಉಂಡ್ರು. ನನ್ ಕೈಲೆ ನಾ ಬಡಿಸಿದ್ನೆವ್ವಾ.” ಅಮೃತಮ್ಮ ಜಗಳಕ್ಕೆ ನಿಂತಿರಲಿಲ್ಲ. ಅವಳ ದನಿಯಲ್ಲಿ ಸಿಟ್ಟಿದ್ದರೆ ರಮಾಬಾಯಿಗೆ ತಾಳಿಕೊಳ್ಳುವುದು ಸುಲಭವಾಗುತ್ತಿತ್ತು. “ನೀವು ಹೇಳಿದ್ದೂ ಸುಳ್ಳಲ್ಲ, ಅವರು ಹೇಳಿದ್ದೂ ಸುಳ್ಳಲ್ಲ. ಹಂಗಾರ ನಾವ್ ಯಾರ ಮಾತ್ ಕೇಳಬೇಕಾಗಿತ್ರಿ?”

ಇಬ್ಬರೂ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತರು. ಆಮೇಲೆ ಅಮೃತಮ್ಮ, “ಚಾ ಕುಡೀತೀರೇನ್ರಿ?” ಎಂದು ಕೇಳಿದಳು.

ಗುರುಲಿಂಗಯ್ಯ ಬದುಕಿಕೊಂಡ. ತೂಕ ಹನ್ನೊಂದು ಕಿಲೋ ಇಳಿಯಿತು. ವಾರ್ಡಿನಿಂದ ಹೊರಡುವ ದಿನ ಅವನು ತನ್ನ ಹಳೆಯ ಪ್ರಶ್ನೆ ಕೇಳಿದಾಗ ರಮಾಬಾಯಿ ಡಾಕ್ಟರ ಎದುರಿಗೇ ಮೂರೂ ಅಂಕಿ ಹೇಳಿಬಿಟ್ಟಳು. ಡಾಕ್ಟರು ತಡೆಯಲಿಲ್ಲ. ಅವನು ಅವನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡು, “ಇಷ್ಟೇ ಏನ್ರಿ?” ಎಂದ. ಎಂಥದೋ ದೊಡ್ಡದು ಕೇಳುವೆನೆಂದುಕೊಂಡಿದ್ದನೋ ಏನೋ.

ಮರುವರ್ಷ ಮಾರ್ಚಿಗೆ ಸಂಶೋಧನೆ ಮುಗಿಯಿತು. ಡಾಕ್ಟರು ಕಂಪ್ಯೂಟರಿನ ಪರದೆಯಲ್ಲಿ ಅವಳಿಗೆ ಫಲಿತಾಂಶ ತೋರಿಸಿದರು. ಕಲೆ ಬಲಿತವರ ಗುಂಪಿನಲ್ಲಿ ಸರಾಸರಿ ಹೆಚ್ಚಿತ್ತು, ಉಳಿದವರಲ್ಲಿ ಕಡಿಮೆ. ಗುಂಪಿನ ಲೆಕ್ಕಕ್ಕೆ ಅಂದಾಜು ನಿಜವಾಗಿತ್ತು. ಆದರೆ ಒಬ್ಬೊಬ್ಬರನ್ನೇ ಚುಕ್ಕೆಯಾಗಿ ಇಟ್ಟಾಗ ಎರಡೂ ಗುಂಪು ಒಂದರೊಳಗೊಂದು ಬೆರೆತುಹೋಗಿದ್ದವು. ಮೇಲುಗಡೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಎರಡು ಚುಕ್ಕೆಗಳಿದ್ದವು. ಒಂದು ಗುರುಲಿಂಗಯ್ಯ. ಇನ್ನೊಂದು ಪೀರಮ್ಮ, ಅವಳಿಗೆ ಈ ಹೊತ್ತಿಗೂ ಏನೂ ಆಗಿಲ್ಲ.

“ಯಾಕ್ರಿ ಸರ್ ಹಿಂಗ?” ಎಂದು ಕೇಳಿದಳು.

“ಗೊತ್ತಿಲ್ಲ ರಮಾಬಾಯಿ. ಇನ್ನೂ ಭಾಳ ಜನರನ್ನ, ಭಾಳ ವರ್ಷ ನೋಡಬೇಕು.” ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಇದು ಬರೀಲಿಕ್ಕಂತೂ ಆತು. ಒಬ್ಬ ಮನುಷ್ಯನಿಗೆ ಹೇಳ್ಲಿಕ್ಕೆ ಇನ್ನೂ ಏನೂ ಇಲ್ಲ.”

ಅವಳು ಶಹಾಬಾದಿನ ಹಳೆಯ ಲ್ಯಾಬಿಗೆ ಮರಳಿದಳು. ಮುದುಕಿಯರು, ಮಕ್ಕಳು ಮತ್ತೆ ಅವಳ ಕೈಗಾಗಿ ಕಾಯತೊಡಗಿದರು. ಗುರುಲಿಂಗಯ್ಯನಿಗೆ ಡಿಪೋದಲ್ಲಿ ಶಾಲೆಮಕ್ಕಳ ಪಾಸು ಬರೆಯುವ ಕೆಲಸ ಕೊಟ್ಟರು. ನಾಲ್ಕು ಗೋಡೆಯ ನಡುವೆ ಕೂತ. ಕತ್ತರಿಸಿ ಜೋಡಿಸಿದ ಕಡೆಯೇ ಮತ್ತೆ ಕಲೆ ಬೆಳೆಯುವುದು ಈ ರೋಗದಲ್ಲಿ ಉಂಟೆಂದು ಡಾಕ್ಟರು ಮೊದಲೇ ಹೇಳಿದ್ದರು. ರೋಗಿಗಳಿಗೆ ಅವಳ ಫೋನ್ ನಂಬರು ಬಾಯಿಪಾಠವಾಗಿತ್ತು. ಕೆಲಸ ಮುಗಿದರೂ ಕರೆಗಳು ನಿಲ್ಲಲಿಲ್ಲ.

ಹೋದ ಶ್ರಾವಣದ ಒಂದು ಮುಂಜಾನೆ ಅಮೃತಮ್ಮನ ಕರೆ ಬಂತು. “ಅಕ್ಕೋರ, ನಿನ್ನಿಯಿಂದ ಮತ್ತ ಹೊಟ್ಟಿ ಬಿಗಿಯಾಕತ್ತದ ಅಂತಾರ.”

“ವಾಂತಿ ಆಗ್ಯಾದ ಏನ್ರಿ?”

“ಇಲ್ರಿ.”

“ಗಾಳಿ ಸರೀತದ?”

“ಜರಾ ಜರಾ.” ಅಮೃತಮ್ಮ ತಡೆದು ಹೇಳಿದಳು. “ಆ ಉಪ್ಪುನೀರು ಕುಡಿಸಿ ನೋಡ್ತಿದ್ರಲ್ರಿ, ಅದನ್ನ ಇನ್ನೊಮ್ಮೆ ಮಾಡಾಕ ಬರತದೇನ್ರಿ?”

“ಅದು ಮುಗೀತ್ರಿ ಅಮೃತಮ್ಮಾರ. ಆ ತಟ್ಟೆ ಇಲ್ಲ, ಔಷಧ ಇಲ್ಲ. ಇದ್ರೂ…” ರಮಾಬಾಯಿ ಆ ಮಾತು ಪೂರ್ತಿ ಮಾಡಲಿಲ್ಲ. “ನೀವು ತಡಾ ಮಾಡಬ್ಯಾಡ್ರಿ, ಈಗಿಂದೀಗ ಕಲಬುರಗಿಗೆ ಕರ್ಕೊಂಡ್ ಹೋಗ್ರಿ. ನಂದಕಿಶೋರ್ ಸರಿಗೆ ನಾ ಫೋನ್ ಮಾಡಿ ಹೇಳ್ತೀನಿ.”

“ಬ್ಯಾರೆ ಏನೂ ಇಲ್ಲೇನ್ರಿ?”

“ಇಲ್ರಿ.”

ಆ ಕಡೆ ಬಸ್ಸಿನ ಸದ್ದು ಕೇಳಿತು, ಫೋನು ಕಡಿಯಿತು. ಅವಳು ಡಾಕ್ಟರಿಗೆ ಕರೆ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎದುರಿನ ಸ್ಟೂಲಿನ ಮೇಲೆ ಮುಬೀನ ಎಂಬ ಬಸುರಿ ಹೆಂಗಸು ತೋಳು ಮಡಚಿ, ಕಣ್ಣು ಮುಚ್ಚಿ, ಸೂಜಿಗೆ ಕಾಯುತ್ತಿದ್ದಳು. ರಮಾಬಾಯಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಅವಳ ತೋಳಿಗೆ ರಬ್ಬರು ಕಟ್ಟತೊಡಗಿದಳು.